ಇನ್ನು ಕಾಲುಗಂಟೆ ನಡೆದರೆ

ವಾರ್ಸಾದ ಹಳೆಯ ಪೇಟೆ ನೋಡಿ ಬಂದವರು ‘ಎಲ್ಲ ನಕಲಿ’ ಎಂದು ಮೂಗು ಮುರಿಯುವುದುಂಟು. ಅನ್ಯಾಯದ ಮಾತು. 1944ರ ದಂಗೆಯ ಬಳಿಕ ನಾಜಿಗಳು ನೆಲಸಮ ಮಾಡಿದ ಓಣಿಗಳನ್ನು ಜನ ಮತ್ತೆ ಕಟ್ಟಿಕೊಂಡರು, ಹದಿನೆಂಟನೇ ಶತಮಾನದಲ್ಲಿ ಬೆಲ್ಲೊಟ್ಟೊ ಬರೆದ ಚಿತ್ರಗಳನ್ನೂ ಮುಂದಿಟ್ಟುಕೊಂಡು. 1980ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಮರುನಿರ್ಮಾಣವನ್ನೇ.

ತಕರಾರು ಇರಬೇಕಾದ್ದು ಬೇರೆ ಕಡೆ. ಮತ್ಸ್ಯಕನ್ಯೆಯ ಚೌಕ, ಅರಮನೆ, ಕೋಟೆಗೋಡೆ ತೋರಿಸಿ ಕಾಲ್ನಡಿಗೆಯ ಪ್ರವಾಸ ಮುಗಿಸಿದರೆ ಅರ್ಧ ಕಥೆ ಹೇಳದೆ ಉಳಿಯುತ್ತದೆ. ಪಶ್ಚಿಮಕ್ಕೆ ಇನ್ನು ಕಾಲುಗಂಟೆ ನಡೆದರೆ ಮುರಾನೂಫ್. ಅಲ್ಲಿದ್ದ ಯಹೂದಿ ಘೆಟ್ಟೊವನ್ನು 1943ರಲ್ಲೇ ಸುಟ್ಟು ಕೆಡವಿದ್ದರು. ಆ ಬೀದಿಗಳನ್ನು ಹಿಂದಿನಂತೆ ಯಾರೂ ಕಟ್ಟಲಿಲ್ಲ. ಇಟ್ಟಿಗೆಚೂರಿನ ದಿಬ್ಬಗಳ ಮೇಲೆಯೇ ವಸತಿ ಕಟ್ಟಡಗಳೆದ್ದವು. ಕೆಲವು ಬಾಗಿಲುಗಳಿಗೆ ಈಗಲೂ ಮೆಟ್ಟಿಲು ಹತ್ತಿ ಹೋಗಬೇಕು. ಮಾರ್ಗದರ್ಶಕರು ಗುಂಪನ್ನು ಆ ಮೆಟ್ಟಿಲುಗಳ ಬುಡದವರೆಗಾದರೂ ಕರೆದೊಯ್ಯಲಿ.