ಮಂಗನ ಕಾಯಿಲೆಯೂ ವಿಜ್ಞಾನ ನೀತಿಯೂ

ವಿಜ್ಞಾನ ನೀತಿ ಎಂದೊಡನೆ ಕಣ್ಣ ಮುಂದೆ ಬರುವುದು ರಾಕೆಟ್, ಉಪಗ್ರಹ, ಕಂಪ್ಯೂಟರ್. ಅದು ದೆಹಲಿಯಲ್ಲಿ ಕುಳಿತವರ ಕೆಲಸ, ನಮಗೇಕೆ ಎಂದು ಪುಟ ತಿರುವುವವರೇ ಹೆಚ್ಚು. ಆದರೆ ಮನೆಯಲ್ಲಿ ಒಬ್ಬರು ಜ್ವರದಿಂದ ಮಲಗಿದಾಗ ಆ ಜ್ವರಕ್ಕೆ ಲಸಿಕೆ ಇದೆಯೇ, ರಕ್ತಪರೀಕ್ಷೆ ಹತ್ತಿರದಲ್ಲೇ ಆಗುತ್ತದೆಯೇ ಎಂಬುದು, ಹತ್ತಾರು ವರ್ಷಗಳ ಹಿಂದೆ ಸರ್ಕಾರ ಯಾವ ಸಂಶೋಧನೆಗೆ ಹಣ ಕೊಟ್ಟಿತ್ತು ಎಂಬುದನ್ನೇ ಅವಲಂಬಿಸಿರುತ್ತದೆ.

ನಮ್ಮ ದೇಶ 1958, 1983, 2003 ಮತ್ತು 2013ರಲ್ಲಿ ವಿಜ್ಞಾನ–ತಂತ್ರಜ್ಞಾನ ನೀತಿಗಳನ್ನು ಪ್ರಕಟಿಸಿತು. ಐದನೆಯ ನೀತಿಗಾಗಿ 2020ರಲ್ಲಿ ಸಾರ್ವಜನಿಕರ ಅಭಿಪ್ರಾಯವನ್ನೂ ಕೇಳಲಾಯಿತು. ಆ ವರ್ಷದ ಕೊನೆಗೆ ಹೊರಬಂದ ಕರಡಿಗೆ ಸಲಹೆ ಕಳುಹಿಸಲು ದೊರೆತದ್ದು 2021ರ ಜನವರಿ ತಿಂಗಳು ಮಾತ್ರ. ಮಲೆನಾಡಿನಲ್ಲಿ ಅದು ಅಡಿಕೆ ಕೊಯ್ಲಿನ ಕಾಲ; ಮಂಗನ ಕಾಯಿಲೆ ಏರುವ ಕಾಲವೂ ಹೌದು.

ಈ ಕಾಯಿಲೆಯ ಕಥೆಯೇ ಸಾಕು, ನೀತಿಯಲ್ಲಿ ಜನರ ಮಾತು ಏಕೆ ಬೇಕೆಂದು ತಿಳಿಯಲು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಬೆನ್ನಿಗೇ ಮನುಷ್ಯರಿಗೂ ಜ್ವರ ಬಂತು. ಉಣುಗುಗಳ ಕಡಿತದಿಂದ ಹರಡುವ ಹೊಸ ವೈರಾಣುವೊಂದು ಅಲ್ಲಿ ಪತ್ತೆಯಾಯಿತು. ಕಾಯಿಲೆ ಬಿದ್ದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದಕ್ಕೆಂದೇ ಪ್ರತ್ಯೇಕ ಔಷಧಿ ಇಂದಿಗೂ ಇಲ್ಲ.

ಇದರ ಲಸಿಕೆ ತಯಾರಾಗುತ್ತಿದ್ದುದು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ. ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಿ, ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿ ಅದನ್ನು ಸಿದ್ಧಪಡಿಸುತ್ತಿದ್ದರು. 1990ರಿಂದ ಮಲೆನಾಡಿನ ಹಳ್ಳಿಗಳಲ್ಲಿ ಇದೇ ಚುಚ್ಚುಮದ್ದು. ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಬೂಸ್ಟರ್, ಮುಂದೆ ವರ್ಷಕ್ಕೊಂದು. ನೋವು ಹೆಚ್ಚು; ಹಾಗಾಗಿ ಪೂರ್ತಿ ಹಾಕಿಸಿಕೊಂಡವರು ಕಡಿಮೆ. 2005ರಿಂದ 2010ರವರೆಗಿನ ಅಂಕಿಅಂಶ ಪರಿಶೀಲಿಸಿದ ಅಧ್ಯಯನವೊಂದು, ಎರಡು ಸಲದ ಲಸಿಕೆಯಿಂದ ಶೇ. 62, ಬೂಸ್ಟರ್ ಸೇರಿದರೆ ಶೇ. 83ರಷ್ಟು ರಕ್ಷಣೆ ಎಂದು ಕಂಡುಕೊಂಡಿತು. ಕೊನೆಗೆ 2022ರಲ್ಲಿ ಈ ಲಸಿಕೆ ನಿಂತೇಹೋಯಿತು. ಹಳೆಯದು ನಿಂತಾಗ ಹೊಸದು ಸಿದ್ಧವಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡದ್ದು ಆನಂತರ.

ಮೂವತ್ತು ವರ್ಷ ಒಂದೇ ಲಸಿಕೆಗೆ ಜೋತುಬೀಳಲು ಕಾರಣ ಸರಳ. ಕಾಡಂಚಿನ ಬಡವರ ಕಾಯಿಲೆಗೆ ಮಾರುಕಟ್ಟೆ ಇಲ್ಲ. ಲಾಭವಿಲ್ಲದ ಕಡೆ ಕಂಪೆನಿ ಹಣ ಹೂಡುವುದಿಲ್ಲ. ಅಲ್ಲಿ ಸರ್ಕಾರವೇ ನಿಲ್ಲಬೇಕು. ವರ್ಷಕ್ಕೆ ಕೆಲವು ನೂರು ರೋಗಿಗಳಿಗಾಗಿ ಕೋಟಿಗಟ್ಟಲೆ ಹಣವೇ ಎಂದು ಕೇಳುವವರಿದ್ದಾರೆ. ಆದರೆ ಸೊರಬದ ಕಾಯಿಲೆ ಈಗ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹಬ್ಬಿದೆ. ತಡ ಮಾಡಿದಷ್ಟೂ ಖರ್ಚು ಹೆಚ್ಚು.

ಹಾಗಾದರೆ ಜನ ಏನು ಕೇಳಬೇಕು?

ಮೊದಲನೆಯದು, ಸಂಶೋಧನೆಯ ಹಣದಲ್ಲಿ ಪ್ರಾದೇಶಿಕ ಕಾಯಿಲೆಗಳಿಗೆಂದೇ ಒಂದು ಪಾಲು. 2020–21ರಲ್ಲಿ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು ಒಟ್ಟು ಆಂತರಿಕ ಉತ್ಪನ್ನದ ಶೇ. 0.64 ಮಾತ್ರ. ಪಾಲು ಮೊದಲೇ ಗೊತ್ತುಮಾಡದಿದ್ದರೆ ಸೊರಬ, ಸಾಗರಗಳಿಗೆ ಏನೂ ಉಳಿಯದು.

ಎರಡನೆಯದು, ಸಂಸ್ಥೆಗಳ ನಡುವೆ ಹೊಂದಾಣಿಕೆ. ವಿದ್ಯಾರಣ್ಯಪುರದಿಂದ ಸುಮಾರು ಹತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಹೆಬ್ಬಾಳದ ಲಸಿಕಾ ಸಂಸ್ಥೆ, ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಯಲಹಂಕದ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ ಇವೆ. ಮಂಗ, ಉಣುಗು, ದನ, ಮನುಷ್ಯ ಎಲ್ಲವನ್ನೂ ಸುತ್ತುವ ಕಾಯಿಲೆಯನ್ನು ಇಲಾಖೆಗೊಂದು ಕಡತ ಮಾಡಿ ಹಿಡಿಯಲಾಗದು. ಆರೋಗ್ಯ, ಪಶುಸಂಗೋಪನೆ, ಅರಣ್ಯ ಇಲಾಖೆಗಳಿಗೆ ಒಂದೇ ಯೋಜನೆ ಇರಲಿ.

ಮೂರನೆಯದು, ಕನ್ನಡದಲ್ಲಿ ಲೆಕ್ಕ. ಲಸಿಕೆ ಎಷ್ಟು ರಕ್ಷಣೆ ಕೊಡುತ್ತಿದೆ, ಅದರ ಅವಧಿ ಎಷ್ಟು ಎಂಬುದು ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಇರಬೇಕು. ಸಲಹೆಯನ್ನೂ ಗ್ರಾಮಸಭೆಯಲ್ಲೇ ಕೇಳಬೇಕು. ಮಂಗ ಸತ್ತ ಸುದ್ದಿ ಮೊದಲು ತಿಳಿಯುವುದು ಸೊಪ್ಪು, ತರಗೆಲೆ ತರಲು ಕಾಡಿಗೆ ಹೋದವರಿಗೆ, ವಿಜ್ಞಾನಿಗಳಿಗಲ್ಲ.

ನೀತಿ ಬದಲಾಗುವವರೆಗೆ ನಮ್ಮ ಎಚ್ಚರಿಕೆ ನಮಗಿರಲಿ. ನವೆಂಬರಿನಿಂದ ಮೇವರೆಗೆ ಮಲೆನಾಡಿನ ನೆಂಟರ ಮನೆಗೆ ಹೋದವರು ಕಾಡು, ತೋಟಗಳಿಗೆ ಇಳಿಯುವಾಗ ಮೈತುಂಬ ಬಟ್ಟೆ ತೊಡಬೇಕು. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು. ಮರಳಿದೊಡನೆ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಬೇಕು. ಹಿಂದಿರುಗಿದ ಮೇಲೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ತಾವೇ ನೋವಿನ ಮಾತ್ರೆ ನುಂಗದೆ ವೈದ್ಯರ ಬಳಿ ಹೋಗಿ, ಕಾಡಿಗೆ ಹೋಗಿದ್ದ ಸಂಗತಿಯನ್ನು ಮರೆಯದೆ ಹೇಳಬೇಕು.

ಮುಂದಿನ ಸಲ ಸರ್ಕಾರ ವಿಜ್ಞಾನದ ಬಗ್ಗೆ ಜನರ ಸಲಹೆ ಕೇಳಿದಾಗ ಒಂದು ಕಾಗದ ನಿಮ್ಮ ಮನೆಯಿಂದಲೂ ಹೋಗಲಿ. ಅದರಲ್ಲಿ ನಿಮ್ಮ ಊರಿನ ಜ್ವರದ ಹೆಸರಿರಲಿ.