ಕೈ ಮುಗಿದು ಕೈ ತೊಳೆದುಕೊಳ್ಳುವವರು

ಗಣಿತಜ್ಞರ ಬಗ್ಗೆ ಮಾತಾಡೋಕೆ ನಮ್ಮ ಹತ್ರ ಇರೋದು ಎರಡೇ ವಾಕ್ಯ. ಒಂದು, ‘ಅಬ್ಬಾ, ಏನು ತಲೆ ಮಾರಾಯ!’ ಇನ್ನೊಂದು, ‘ಅದೆಲ್ಲ ನಮಗೆ ಅರ್ಥ ಆಗಲ್ಲ ಬಿಡಿ.’ ಮೊದಲನೆಯದು ಹೊಗಳಿಕೆ ಥರ ಕಾಣುತ್ತೆ, ಎರಡನೆಯದು ವಿನಯದ ಥರ. ಎರಡೂ ಶುದ್ಧ ಸೋಮಾರಿತನ. ಕೈ ಮುಗಿದುಬಿಟ್ಟರೆ ಓದುವ ಕೆಲಸ ತಪ್ಪುತ್ತಲ್ಲ!

ಎಂ.ಎಸ್. ನರಸಿಂಹನ್ 2021ರ ಮೇ ತಿಂಗಳಲ್ಲಿ ಬೆಂಗಳೂರಲ್ಲೇ ತೀರಿಕೊಂಡರು. ತಮಿಳುನಾಡಿನ ಒಂದು ಹಳ್ಳಿಯ ಹುಡುಗ, ಮದ್ರಾಸಿನ ಲೊಯೋಲಾ ಕಾಲೇಜಲ್ಲಿ ಓದಿ 1953ರಲ್ಲಿ ಬೊಂಬಾಯಿಯ ಟಿಐಎಫ್‌ಆರ್ ಸೇರಿದವರು. ಅದೇ ವರ್ಷ ಅಲ್ಲಿಗೆ ಬಂದ ಸಿ.ಎಸ್. ಶೇಷಾದ್ರಿ ಜೊತೆ 1965ರಲ್ಲಿ ಅವರು ಪ್ರಕಟಿಸಿದ ಪ್ರಮೇಯ ಇವತ್ತಿಗೂ ಜಗತ್ತಿನ ತುಂಬಾ ಇಬ್ಬರ ಹೆಸರಲ್ಲೇ ಓಡಾಡ್ತಿದೆ. ಇದೇ ಊರಿನ ಟೆಕ್ ಪಾರ್ಕುಗಳಲ್ಲಿ ಕೂತಿರುವ ಬಿಇಗಳಲ್ಲಿ ಆ ಪ್ರಮೇಯದ ಬಗ್ಗೆ ಒಂದು ವಾಕ್ಯ ಹೇಳಬಲ್ಲವರು ಎಷ್ಟು ಜನ? ರಾಮಾನುಜನ್‌ರ ಟ್ಯಾಕ್ಸಿ ನಂಬರ್ ಮಾತ್ರ ಎಲ್ಲರಿಗೂ ಬಾಯಿಪಾಠ.

‘ಕಷ್ಟ’ ಅನ್ನೋ ನೆಪ ನಮ್ಮ ಬಾಯಲ್ಲಿ ಶೋಭಿಸಲ್ಲ ಸ್ವಾಮಿ. ರಾತ್ರಿ ಎರಡು ಗಂಟೆಗೆ ಕುಬರ್‌ನೆಟೀಸ್ ಡಾಕ್ಯುಮೆಂಟೇಶನ್ ಓದಿ ಅರ್ಥ ಮಾಡಿಕೊಳ್ಳುವ ಜಾತಿ ನಮ್ಮದು. ಬನ್ನಿ, ಇಲ್ಲೇ ನೋಡೇಬಿಡೋಣ.

ಒಂದು ವಕ್ರರೇಖೆ ತಗೊಳ್ಳಿ. ಬದುವಿನ ಉದ್ದಕ್ಕೂ ಗಳ ನೆಟ್ಟ ಹಾಗೆ ಅದರ ಪ್ರತಿ ಬಿಂದುವಿನಲ್ಲೂ ಒಂದೊಂದು ವೆಕ್ಟರ್ ಸ್ಪೇಸ್ ನಿಲ್ಲಿಸಿ. ಅದೇ ವೆಕ್ಟರ್ ಬಂಡಲ್. ಪ್ರತಿ ಸ್ಪೇಸಿನ ಆಯಾಮ ಎಷ್ಟೋ ಅದು ರ‍್ಯಾಂಕ್ (ಸಿಇಟಿ ರ‍್ಯಾಂಕ್ ಅಲ್ಲ). ಇಡೀ ಬಂಡಲ್ ಒಟ್ಟು ಎಷ್ಟು ತಿರುಚಿಕೊಂಡಿದೆ ಅಂತ ಎಣಿಸುವ ಪೂರ್ಣಾಂಕ ಡಿಗ್ರಿ. ಡಿಗ್ರಿಯನ್ನು ರ‍್ಯಾಂಕಿನಿಂದ ಭಾಗಿಸಿದರೆ ಸ್ಲೋಪ್, ಅಂದರೆ ತಲಾ ತಿರುಚು. 1962ರಲ್ಲಿ ಡೇವಿಡ್ ಮಮ್‌ಫರ್ಡ್ ಒಂದು ವ್ಯಾಖ್ಯೆ ಮುಂದಿಟ್ಟರು: ಒಳಗಿರುವ ಪ್ರತಿಯೊಂದು ಚಿಕ್ಕ ಬಂಡಲಿನ ಸ್ಲೋಪೂ ಇಡೀ ಬಂಡಲಿನ ಸ್ಲೋಪಿಗಿಂತ ಕಡಿಮೆ ಇದ್ದರೆ ಅದು ಸ್ಟೇಬಲ್. ಅಷ್ಟೇ. ಏಳನೇ ಕ್ಲಾಸಿನ ಸರಾಸರಿ.

ಈಗ ನಿಮ್ಮ ಟೀಮಿನ ಅಪ್ರೈಸಲ್ ನೆನಪಿಸಿಕೊಳ್ಳಿ. ಸರಾಸರಿ ರೇಟಿಂಗ್ 3.5 ಅಂದುಕೊಳ್ಳಿ. ಟೀಮನ್ನು ಹೇಗೇ ಎರಡು ಗುಂಪು ಮಾಡಿದರೂ ಒಂದು ಗುಂಪಿನ ಸರಾಸರಿ 3.5 ಅಥವಾ ಅದಕ್ಕಿಂತ ಹೆಚ್ಚು ಇದ್ದೇ ಇರುತ್ತೆ. ಹಾಗೇ, ಎರಡು ತುಂಡು ಪಕ್ಕಪಕ್ಕ ಇಟ್ಟು ಮಾಡಿದ ಬಂಡಲ್ ಯಾವತ್ತೂ ಸ್ಟೇಬಲ್ ಆಗಲ್ಲ. ಸ್ಟೇಬಲ್ ಬಂಡಲ್ ಅಂದರೆ ಬಿಡಿಸಿ ಬೇರೆ ಮಾಡೋಕೆ ಬರದ ಹಾಗೆ ಹೆಣೆದುಕೊಂಡದ್ದು.

ಈ ಷರತ್ತು ಯಾಕೆ ಬೇಕು? ಒಂದೇ ರ‍್ಯಾಂಕ್, ಒಂದೇ ಡಿಗ್ರಿಯ ಬಂಡಲ್‌ಗಳಿಗೆಲ್ಲ ಒಂದು ನಕ್ಷೆ ಬರೀಬೇಕು, ಒಂದೊಂದಕ್ಕೂ ಒಂದೊಂದು ಬಿಂದು. ಎಲ್ಲವನ್ನೂ ಒಳಗೆ ಬಿಟ್ಟುಕೊಂಡರೆ ನಕ್ಷೆ ಕೆಡುತ್ತೆ. ಪ್ರೊಜೆಕ್ಟಿವ್ ರೇಖೆಯ ಮೇಲೆ 0 ಮತ್ತು 0 ಡಿಗ್ರಿಯ ಎರಡು ತುಂಡಿನ ಬಂಡಲನ್ನು ಒಂದು ಪ್ಯಾರಾಮೀಟರ್ ಹಿಡಿದು ಮೆಲ್ಲಗೆ ಬದಲಾಯಿಸ್ತಾ ಹೋಗಬಹುದು. ಪ್ಯಾರಾಮೀಟರ್ ಸೊನ್ನೆ ಮುಟ್ಟುವ ತನಕ ಅದು ಅದೇ ಬಂಡಲ್. ಮುಟ್ಟಿದ ಕ್ಷಣ 1 ಮತ್ತು -1 ಆಗಿ ಕೂತಿರುತ್ತೆ. ಅಲ್ಲಾಡದೆ ನಿಂತ ಬಿಂದು ದಿಢೀರ್ ಅಂತ ಬೇರೆ ಕಡೆ ಹಾರಿದ ಹಾಗೆ. ಇಂಥ ತರಲೆಗಳನ್ನು ಮಮ್‌ಫರ್ಡ್ ಷರತ್ತು ಬಾಗಿಲಲ್ಲೇ ತಡೆಯುತ್ತೆ.

ಬೊಂಬಾಯಿಯ ಇಬ್ಬರು ಬಂದ ದಾರಿ ಬೇರೆ. ಆಂದ್ರೆ ವೇಯ್ 1938ರಲ್ಲಿ ಬರೆದ ಒಂದು ಪ್ರಬಂಧ ಅವರ ಕೈಯಲ್ಲಿತ್ತು. ಸಂಕೀರ್ಣ ಸಂಖ್ಯೆಗಳ ವಕ್ರರೇಖೆ ಕಣ್ಣಿಗೆ ಕಾಣೋದು ಮೇಲ್ಮೈ ಆಗಿ, ಉದ್ದಿನವಡೆಗಳನ್ನು ಒಂದಕ್ಕೊಂದು ಅಂಟಿಸಿದ ಹಾಗೆ. ತೂತಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದರೆ ವೆಕ್ಟರ್ ತಿರುಗಿರಬಹುದು, ಆದರೆ ಉದ್ದ ಬದಲಾಗಬಾರದು. ಇದು ಯೂನಿಟರಿ ಅನ್ನುವ ಗುಣ. ಎರಡು ಅಥವಾ ಹೆಚ್ಚು ತೂತು ಇರುವಾಗ, ಡಿಗ್ರಿ 0 ಇರುವ ಸ್ಟೇಬಲ್ ಬಂಡಲ್‌ಗಳೂ ಇನ್ನಷ್ಟು ಒಡೆಯಲಾಗದ ಯೂನಿಟರಿ ಪ್ರದಕ್ಷಿಣೆಗಳಿಂದ ಹುಟ್ಟುವ ಬಂಡಲ್‌ಗಳೂ ಒಂದೇ. ಇದೇ ನರಸಿಂಹನ್–ಶೇಷಾದ್ರಿ ಪ್ರಮೇಯ. ಒಂದು ಕಡೆ ಬರೀ ಸರಾಸರಿಯ ಲೆಕ್ಕ, ಇನ್ನೊಂದು ಕಡೆ ಜ್ಯಾಮಿತಿ. 1983ರಲ್ಲಿ ಸೈಮನ್ ಡೊನಾಲ್ಡ್‌ಸನ್ ಇದಕ್ಕೆ ಪೂರ್ತಿ ಬೇರೆಯದೇ ಸಾಧನೆ ಕೊಟ್ಟರು.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಮೂರು ಅಥವಾ ಹೆಚ್ಚು ತೂತುಗಳ ವಕ್ರರೇಖೆ, ತೂತುಗಳ ಸಂಖ್ಯೆ g ಅಂತಿರಲಿ, ಸಹಜವಾಗಿ g-1 ಆಯಾಮದ ಪ್ರೊಜೆಕ್ಟಿವ್ ಸ್ಪೇಸಿಗೆ ಹೋಗುತ್ತೆ. ಆಗ ಅದಕ್ಕೆ ತಾನಾಗೇ ಒಂದು ಬಂಡಲ್ ಸಿಗುತ್ತೆ: ರ‍್ಯಾಂಕ್ g-1, ಡಿಗ್ರಿ 2g-2, ಸ್ಲೋಪ್ ಸರಿಯಾಗಿ 2. 1988ರಲ್ಲಿ ಕಪಿಲ್ ಪರಾಂಜಪೆ ಮತ್ತು ಎಸ್. ರಮಣನ್ ತೋರಿಸಿದ್ದು: ಆ ವಕ್ರರೇಖೆ ಒಂದು ಪ್ರೊಜೆಕ್ಟಿವ್ ರೇಖೆಯ ಮೇಲೆ ಎರಡು ಪದರವಾಗಿ ಹಾಸಿಕೊಳ್ಳುವ ಹೈಪರ್‌ಎಲಿಪ್ಟಿಕ್ ಜಾತಿಯದಲ್ಲದಿದ್ದರೆ ಈ ಬಂಡಲ್ ಸ್ಟೇಬಲ್. ಆ ಜಾತಿಯದಾದರೆ? ಸ್ಲೋಪ್ 2 ಇರುವ g-1 ತುಂಡುಗಳಾಗಿ ಬಿಚ್ಚಿಕೊಳ್ಳುತ್ತೆ. ಇಡೀ ಟೀಮಿಗೆ ಒಂದೇ ರೇಟಿಂಗ್!

ನೋಡಿದ್ರಲ್ಲ, ದೇವಿ ಯಾರ ಕನಸಲ್ಲೂ ಬರಲಿಲ್ಲ. ಒಂದು ಒಳ್ಳೆಯ ವ್ಯಾಖ್ಯೆ, ಹಿಂದಿನವರ ಒಂದು ಪ್ರಬಂಧ, ವರ್ಷಗಟ್ಟಲೆ ಒಟ್ಟಿಗೆ ಕೂತು ಮಾಡಿದ ಕೆಲಸ. ಸಾಧನೆಯ ಒಳಗಿಳಿಯೋಕೆ ನಮಗೂ ವರ್ಷಗಳೇ ಬೇಕು, ಒಪ್ಪಿದೆ. ಆದರೆ ಪ್ರಮೇಯ ಏನು ಹೇಳುತ್ತೆ ಅಂತ ತಿಳಿಯೋಕೆ ಒಂದು ವೀಕೆಂಡ್ ಸಾಕು.

ನಮ್ಮ ಕೈಮುಗಿಯುವ ಚಟದ ನಷ್ಟ ಆಗೋದು ನಮಗಲ್ಲ, ಸಂಬಳ ಹೇಗೂ ಬರುತ್ತೆ. ‘ಗಣಿತ ಅಂದ್ರೆ ಹುಟ್ಟುತ್ತಲೇ ಬರಬೇಕು’ ಅನ್ನೋದನ್ನ ನಮ್ಮಂಥ ಓದಿದವರ ಬಾಯಲ್ಲಿ ಕೇಳಿಸಿಕೊಳ್ಳುವ ಹಳ್ಳಿ ಶಾಲೆಯ ಹುಡುಗಿಗೆ ನಷ್ಟ. ಅವಳಿಗೆ ಸರಾಸರಿ ತೆಗೆಯೋಕೆ ಬರುತ್ತೆ. ಅಲ್ಲಿಂದ ಸ್ಟೇಬಲ್ ಬಂಡಲ್ ತನಕ ದಾರಿ ಇದೆ ಅಂತ ಅವಳಿಗೆ ಕನ್ನಡದಲ್ಲಿ ಹೇಳಬೇಕಾದವರು ಯಾರು? ಮುಗಿದ ಕೈ ಇಳಿಸಿ, ಒಂದು ಪೆನ್ಸಿಲ್ ಹಿಡ್ಕೊಳ್ಳಿ.