ಕುಬಸಕ್ಕೆ ಪಟ್ಟಿ ಇದೆ, ಹೆರಿಗೆಗೆ ಎಲ್ಲಿದೆ?

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಚೊಚ್ಚಲ ಬಸುರಿ ಇರುವ ಮನೆಗೆ ಹೋಗಿ ನೋಡಿ. ಏಳನೇ ತಿಂಗಳು ಬಿತ್ತೆಂದರೆ ಸಾಕು, ಕುಬಸದ ಗಡಿಬಿಡಿ ಶುರು. ಹಸಿರು ಸೀರೆ, ಹಸಿರು ಬಳೆ, ಹೋಳಿಗೆ, ಚಿತ್ರಾನ್ನ, ಮೊಸರನ್ನದ ಬುತ್ತಿ. ಯಾರ್ಯಾರನ್ನು ಕರೀಬೇಕು, ಯಾರಿಗೆ ಯಾವ ಖಣ ಕೊಡಬೇಕು, ಎಲ್ಲದಕ್ಕೂ ಪಟ್ಟಿ. ಬಾಣಂತನಕ್ಕೂ ಅಷ್ಟೇ. ಕೊಬ್ಬರಿ, ಉತ್ತತ್ತಿ, ಅಂಟು, ತೊಟ್ಟಿಲು, ಎಲ್ಲ ಮೊದಲೇ ಮನೆ ಸೇರಿರುತ್ತವೆ.

ಸಂತೋಷ. ಮಾಡಬಾರದು ಅಂತ ಯಾರೂ ಹೇಳುವುದಿಲ್ಲ. ಆದರೆ ಕುಬಸಕ್ಕೂ ಬಾಣಂತನಕ್ಕೂ ನಡುವೆ ಒಂದು ರಾತ್ರಿ ಇದೆ, ಬೇನೆ ಶುರುವಾಗುವ ರಾತ್ರಿ. ಆ ರಾತ್ರಿಗೆ ಪಟ್ಟಿ ಬರೆದಿಟ್ಟುಕೊಂಡ ಮನೆಗಳು ಎಷ್ಟಿವೆ?

ಗಂಡನ ಮನೆ ದಾವಣಗೆರೆ, ತವರು ಹರಿಹರ ಅಂತಿಟ್ಟುಕೊಳ್ಳಿ. ತಾಯಿ ಕಾರ್ಡ್ ಮಾಡಿಸಿದ್ದು ದಾವಣಗೆರೆಯಲ್ಲಿ. ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ಆಗಿದ್ದೂ ಅಲ್ಲೇ. ಕುಬಸ ಮುಗಿಸಿ ಹುಡುಗಿಯನ್ನು ತವರಿಗೆ ಕಳಿಸಿದರು. ಸೀರೆ, ಬಳೆ ಜೊತೆಗೆ ಹೋದವು. ರಿಪೋರ್ಟುಗಳು ಗಂಡನ ಮನೆಯ ಅಲಮಾರದಲ್ಲೇ ಉಳಿದವು. ದಾವಣಗೆರೆಯ ಆಶಾ ಕಾರ್ಯಕರ್ತೆಗೆ ಬಸುರಿ ಊರಲ್ಲಿಲ್ಲ. ಹರಿಹರದ ಆಶಾಗೆ ಬಸುರಿ ಬಂದದ್ದೇ ಗೊತ್ತಿಲ್ಲ. ರಾತ್ರಿ ಎರಡು ಗಂಟೆಗೆ ಬೇನೆ ಬಂದರೆ ಆಸ್ಪತ್ರೆಯವರ ಕೈಗೆ ಕೊಡಲು ಒಂದು ಚೀಟಿಯೂ ಇಲ್ಲ. ನಡುವೆ ಇರುವುದು ಬರೀ 14 ಕಿಲೋಮೀಟರ್! ತವರು ತುಂಗಭದ್ರೆಯ ಆಚೆ ಕುಮಾರಪಟ್ಟಣವಾದರೆ ಮುಗಿದೇ ಹೋಯಿತು. ಸೇತುವೆ ದಾಟಿದರೆ ಅದು ಹಾವೇರಿ ಜಿಲ್ಲೆ, ಲೆಕ್ಕವೇ ಬೇರೆ.

ಸೂಲಗಿತ್ತಿಯನ್ನು ಹುಡುಕಿಕೊಂಡು ಓಡುವ ಕಾಲ ಹೋಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೆ ಆಸ್ಪತ್ರೆಯ ಬಾಗಿಲು ಮುಟ್ಟಿದರೆ ಎಲ್ಲ ಮುಗಿಯಿತೇ? ಯಾವಾಗ ಮುಟ್ಟಿದರು, ಯಾವ ಸ್ಥಿತಿಯಲ್ಲಿ ಮುಟ್ಟಿದರು ಎಂಬುದೇ ಮುಖ್ಯ. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದೆ ಹೋದರೆ ಒಂದೆರಡು ಗಂಟೆಯಲ್ಲೇ ಜೀವ ಹೋಗಬಹುದು. ಮೈಯಲ್ಲಿ ರಕ್ತವೇ ಕಮ್ಮಿ ಇದ್ದವಳು ಅದನ್ನು ತಡಕೊಳ್ಳುವುದಾದರೂ ಹೇಗೆ? ಅದೇ ಸಮೀಕ್ಷೆಯಲ್ಲಿ ರಾಜ್ಯದ ನೂರು ಬಸುರಿಯರಲ್ಲಿ ಸುಮಾರು 45 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು.

ಕಬ್ಬಿಣದ ಮಾತ್ರೆ ಪುಕ್ಕಟೆ ಸಿಗುತ್ತದೆ. ಆದರೆ 'ಮಾತ್ರೆ ತಿಂದರೆ ಮಗು ಕಪ್ಪಾಗ್ತದೆ' ಅಂತ ಅಜ್ಜಿ ಅಂತಾಳೆ. 'ಜಾಸ್ತಿ ಉಂಡರೆ ಮಗು ದಪ್ಪಾಗಿ ಹೆರಿಗೆ ಕಷ್ಟ ಆಗ್ತದೆ' ಅಂತ ಅತ್ತೆ ಅಂತಾಳೆ. ಎರಡೂ ಸುಳ್ಳು. ಮಾತ್ರೆ ನುಂಗಿದ ಕೂಡಲೇ ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ ಎನ್ನುವುದು ಮಾತ್ರ ನಿಜ. ಅದನ್ನು ಯಾರೂ ಹೇಳುವುದಿಲ್ಲ. ಮಂಡಕ್ಕಿ ಭಟ್ಟಿಯ ಕಾವಿನಲ್ಲಿ ದಿನಗೂಲಿ ಮಾಡುವ ಹೆಣ್ಣುಮಗಳಿಗಂತೂ ತಪಾಸಣೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಅವಳಿಗೆ ಬುದ್ಧಿ ಹೇಳುವವರು ಮೊದಲು ಆ ಕೂಲಿಯ ಮಾತಾಡಲಿ.

ಹಾಗಾದರೆ ಪಟ್ಟಿಯಲ್ಲಿ ಏನಿರಬೇಕು? ಆರೇ ಸಾಲು. ಹೆರಿಗೆ ಯಾವ ಆಸ್ಪತ್ರೆಯಲ್ಲಿ. ಅಲ್ಲಿ ಆಗದಿದ್ದರೆ ಮುಂದೆ ಎಲ್ಲಿಗೆ. 108 ತಡವಾದರೆ ಯಾರ ಗಾಡಿ. ಬಸುರಿಯ ರಕ್ತದ ಗುಂಪು ಯಾವುದು, ಬೇಕಾದರೆ ರಕ್ತ ಕೊಡುವ ಇಬ್ಬರು ಯಾರು. ತಾಯಿ ಕಾರ್ಡ್, ರಿಪೋರ್ಟು, ಬಟ್ಟೆಯ ಚೀಲ ಎಲ್ಲಿದೆ. ರಾತ್ರಿ ಜೊತೆಗೆ ಹೋಗುವ ಹೆಂಗಸು ಯಾರು, ಮನೆಯಲ್ಲಿ ಮಕ್ಕಳಿದ್ದರೆ ನೋಡಿಕೊಳ್ಳುವವರು ಯಾರು.

ಇಷ್ಟರ ಜೊತೆಗೆ ಮನೆಯ ಗಂಡಸರಿಗೂ ತಿಳಿದಿರಬೇಕಾದ ಮಾತಿದೆ. ರಕ್ತ ಹೋದರೆ, ನೀರು ಹೋದರೆ, ತಡೆಯಲಾಗದ ತಲೆನೋವು ಬಂದು ಕಣ್ಣು ಮಂಜಾದರೆ, ಕೈ ಮುಖ ಬಾತರೆ, ಫಿಟ್ಸ್ ಬಂದರೆ, ಮಗು ಮಿಸುಕಾಡೋದು ಕಮ್ಮಿಯಾದರೆ ಬೆಳಗಾಗಲಿ ಅಂತ ಕಾಯಬಾರದು. ಇವತ್ತು ಅಮಾವಾಸ್ಯೆ, ನಾಳೆ ಹೋಗೋಣ ಅನ್ನಲೂಬಾರದು. ಬೇನೆ ಪಂಚಾಂಗ ನೋಡಿ ಬರುವುದಿಲ್ಲ.

ಎಲ್ಲವನ್ನೂ ಮನೆಯವರ ತಲೆಗೆ ಕಟ್ಟಿ ಸರ್ಕಾರ ಕೈ ತೊಳಕೊಳ್ಳುವ ಹಾಗೂ ಇಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ. ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಕೊನೆಗೆ ಬಾಣಂತಿಯನ್ನು ಮನೆಗೆ ಬಿಡುವ ಗಾಡಿಯೂ ಉಚಿತ. ಇದು ದಾನವಲ್ಲ, ಹಕ್ಕು. ಮಗು ಕೈಗಿಡುವಾಗ ಯಾರಾದರೂ 'ಖುಷಿ' ಕೇಳಿದರೆ ಕೊಡಬೇಕಾಗಿಲ್ಲ. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆಯ ದಿನ. ಎಷ್ಟು ಮನೆಗೆ ಗೊತ್ತು?

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಅವರಿಗೆ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದು ರಾಜ್ಯವೇ ಬೆಚ್ಚಿತ್ತು. ಆ ಮನೆಯವರು ಆಸ್ಪತ್ರೆಗೆ ಕರೆತರುವ ತಮ್ಮ ಕೆಲಸ ಮಾಡಿದ್ದರು. ಬಂದವಳನ್ನು ಉಳಿಸಿ ಕಳಿಸುವುದು ಇಲಾಖೆಯ ಕೆಲಸ.

ಆರೋಗ್ಯ ಇಲಾಖೆಯವರು ದೊಡ್ಡ ಯೋಜನೆಯನ್ನೇನೂ ಹಾಕಬೇಕಿಲ್ಲ. ಬಸುರಿ ತವರಿಗೆ ಹೊರಟ ದಿನವೇ ಈ ಊರಿನ ಆಶಾ ಆ ಊರಿನ ಆಶಾಗೆ ಒಂದು ಫೋನ್ ಮಾಡುವ ಕಟ್ಟುನಿಟ್ಟು ಬರಲಿ. ನಡುವೆ ಸೇತುವೆ ಇರಲಿ, ಜಿಲ್ಲೆಯ ಗಡಿ ಇರಲಿ, ಬಸುರಿಯ ಹೆಸರು ಎಲ್ಲೂ ಬಿಟ್ಟುಹೋಗದಿರಲಿ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?

ಇನ್ನು ಮನೆಯ ಹಿರಿಯರಿಗೆ ಒಂದೇ ಮಾತು. ಖಣದ ಪಟ್ಟಿ ಬರೆಯಿರಿ, ಬೇಡ ಅನ್ನುವವರಿಲ್ಲ. ಅದೇ ಹಾಳೆಯ ಹಿಂದೆ ಈ ಆರು ಸಾಲನ್ನೂ ಬರೆದು ಮಗಳ ಕೈಗೆ ಕೊಡಿ. ಕುಬಸಕ್ಕೆ ಬಂದವರು ಉಂಡು ಎದ್ದು ಹೋಗುತ್ತಾರೆ. ಬೇನೆ ತಿನ್ನುವವಳು ಅವಳೊಬ್ಬಳೇ.